ಒಬ್ಬರಿಗೆ ಕಾಯಿಲೆ, ಚಿಕಿತ್ಸೆಗೆ ಮನೆಮಂದಿಯೆಲ್ಲ ಏಕೆ?
ಕುಟುಂಬ ಚಿಕಿತ್ಸೆಯ ಪರಿಚಯ



ಈ ಪುಟದಲ್ಲಿ ನೀವು ಸಾಮಾನ್ಯವಾಗಿ ಕೆಚ್ಚಲು ಬಾವು, ಕಾಲುಬಾಯಿ ಜ್ವರದ ಲಸಿಕೆ, ಖನಿಜ ಮಿಶ್ರಣ, ಕರು ಸಾಕಣೆ ಇಂಥ ವಿಷಯಗಳನ್ನು ಓದುತ್ತೀರಿ. ಈ ಸಂಚಿಕೆಯಲ್ಲಿ ವಿಷಯ ಸ್ವಲ್ಪ ಬೇರೆ. ಕೊಟ್ಟಿಗೆಗೆ ಬಂದ ಪಶುವೈದ್ಯರ ಹತ್ತಿರ ಹಸುವಿನ ಮಾತು ಮುಗಿದ ಮೇಲೆ ಮನೆಯ ಮಾತು ಬರುವುದುಂಟು. ಮಗ ಕಾಲೇಜು ಬಿಟ್ಟು ಮೂಲೆ ಹಿಡಿದಿದ್ದಾನೆ, ಯಜಮಾನರು ಬಟವಾಡೆಯ ದಿನವೇ ಕುಡಿಯುತ್ತಾರೆ, ಅತ್ತೆ ಸೊಸೆಗೆ ಮಾತಿಲ್ಲ, ಮಗಳು ಆಗಾಗ ಎಚ್ಚರ ತಪ್ಪಿ ಬೀಳುತ್ತಾಳೆ. ಇದಕ್ಕೆಲ್ಲ ನಮ್ಮ ಚೀಲದಲ್ಲಿ ಔಷಧಿ ಇಲ್ಲ. ಆದರೆ ಇಂಥ ಕಷ್ಟಗಳಿಗೆಂದೇ ಬೆಳೆದು ಬಂದ ಒಂದು ಚಿಕಿತ್ಸೆ ಇದೆ, ನಮ್ಮ ರಾಜ್ಯದಲ್ಲೂ ಸಿಗುತ್ತದೆ ಎಂಬುದು ಬಹಳ ಮನೆಗಳಿಗೆ ತಿಳಿದಿಲ್ಲ. ಅದಕ್ಕೆ ಕುಟುಂಬ ಚಿಕಿತ್ಸೆ ಎಂದು ಹೆಸರು.

ತಿಳಿಯದೇ ಇರುವುದರಿಂದ ಆಗುವ ನಷ್ಟ ಹೆಚ್ಚಾಗಿ ಹೆಂಗಸರದ್ದೇ. ಮನೆಯಲ್ಲಿ ಯಾರಿಗೆ ಏನಾದರೂ "ತಾಯಿ ಸರಿಯಾಗಿ ಬೆಳೆಸಲಿಲ್ಲ", "ಸೊಸೆಯ ಕಾಲ್ಗುಣ" ಎಂಬ ಮಾತು ಮೊದಲು ಬರುತ್ತದೆ. ಬೆಳಿಗ್ಗೆ ನಾಲ್ಕೂವರೆಗೆ ಎದ್ದು ಸಗಣಿ ಬಾಚಿ, ಹಾಲು ಕರೆದು, ಡೈರಿಗೆ ಹಾಕಿ ಬಂದ ಮೇಲೂ ಆ ಮಾತನ್ನು ಹೊತ್ತುಕೊಂಡು ತಿರುಗಬೇಕಾಗುತ್ತದೆ. ಆದ್ದರಿಂದ ಈ ಚಿಕಿತ್ಸೆ ಎಲ್ಲಿಂದ ಬಂತು, ಅದನ್ನು ಮಾಡುವವರು ಏನು ಕಲಿತಿರುತ್ತಾರೆ, ಅಲ್ಲಿ ಹೋದರೆ ಏನು ನಡೆಯುತ್ತದೆ, ಯಾವಾಗ ಹೋಗಬಾರದು ಎಂಬುದನ್ನು ಒಂದೊಂದಾಗಿ ನೋಡೋಣ.

ಕೊಟ್ಟಿಗೆಯಲ್ಲಿ ನೀವು ಈಗಾಗಲೇ ಬಲ್ಲ ಪಾಠ

ಒಂದು ಹಸುವಿಗೆ ಕೆಚ್ಚಲು ಬಾವು ಬಂತು. ಮೊಲೆಗೆ ಟ್ಯೂಬು ಹಾಕಿದೆವು, ಗುಣವಾಯಿತು. ತಿಂಗಳಾಗುವುದರೊಳಗೆ ಮತ್ತೆ ಬಂತು, ಈ ಸಲ ಪಕ್ಕದ ಹಸುವಿಗೂ ಬಂತು. ಆಗ ನೀವೇ ಹೇಳುತ್ತೀರಿ: ನೆಲ ಒದ್ದೆ ಇದೆ, ಗಂಜಲ ಹರಿದು ಹೋಗುತ್ತಿಲ್ಲ, ಕರೆಯುವ ಕೈ ತೊಳೆದಿಲ್ಲ, ಬಾವು ಇದ್ದ ಹಸುವನ್ನು ಮೊದಲು ಕರೆದು ಅದೇ ಕೈಯಲ್ಲಿ ಉಳಿದವನ್ನು ಕರೆದಿದ್ದೇವೆ. ರೋಗ ಕಂಡಿದ್ದು ಒಂದು ಕೆಚ್ಚಲಿನಲ್ಲಿ. ಅದು ಮರಳಿ ಬರುವುದಕ್ಕೆ ಕಾರಣ ಇಡೀ ಕೊಟ್ಟಿಗೆಯ ನಡವಳಿಕೆಯಲ್ಲಿ.

ಇನ್ನೊಂದು ಉದಾಹರಣೆ. ದಿನಾ ಕರೆಯುವವರು ಊರಿಗೆ ಹೋದ ದಿನ ಹಸು ಹಾಲು ಇಳಿಸುವುದಿಲ್ಲ. ಕೆಚ್ಚಲಿಗೆ ಕೈ ತಗುಲಿದಾಗ ಮಿದುಳಿಗೆ ಸುದ್ದಿ ಹೋಗಿ, ಅಲ್ಲಿಂದ ಆಕ್ಸಿಟೋಸಿನ್ ಎಂಬ ರಸ ರಕ್ತದಲ್ಲಿ ಬಂದು ಹಾಲಿನ ಗೂಡುಗಳನ್ನು ಹಿಂಡಬೇಕು. ಹಸು ಹೆದರಿದರೆ ಅಡ್ರಿನಲಿನ್ ಬಂದು ಇದನ್ನು ತಡೆಯುತ್ತದೆ. ಕೆಚ್ಚಲು ಚೆನ್ನಾಗಿದೆ, ಹಸುವೂ ಚೆನ್ನಾಗಿದೆ. ಬದಲಾಗಿರುವುದು ಹಸುವಿಗೂ ಕರೆಯುವವರಿಗೂ ನಡುವಿನ ಸಂಬಂಧ.

ಕುಟುಂಬ ಚಿಕಿತ್ಸೆಯ ಮೂಲ ವಿಚಾರವೂ ಇಷ್ಟೇ. ಕಷ್ಟ ಒಬ್ಬರ ಮೈಯಲ್ಲಿ ಕಾಣಿಸಿಕೊಳ್ಳುತ್ತದೆ, ಆದರೆ ಅದು ಮುಂದುವರಿಯುವುದು ಜನರ ನಡುವಿನ ನಡವಳಿಕೆಯಲ್ಲಿ. ಆದ್ದರಿಂದ ಒಬ್ಬರನ್ನಷ್ಟೇ ಅಲ್ಲ, ಒಟ್ಟು ಮನೆಯನ್ನು ನೋಡಬೇಕು. ಮನೆಯ ಜನ ದನಗಳಲ್ಲ, ನಿಜ. ಮನುಷ್ಯರಿಗೆ ಮಾತಿದೆ, ಮಾನವಿದೆ, ಹಳೆಯ ನೆನಪುಗಳಿವೆ. ಆದ್ದರಿಂದಲೇ ಇಲ್ಲಿ ಮಾತೇ ಔಷಧಿ, ಮತ್ತು ಆ ಔಷಧಿ ಕೊಡುವವರಿಗೆ ಬಹಳ ತರಬೇತಿ ಬೇಕು.

ಒಂದು ಊಹೆಯ ಮನೆ

ಅರ್ಥ ಮಾಡಿಕೊಳ್ಳುವುದಕ್ಕಾಗಿ ಒಂದು ಮನೆಯನ್ನು ಊಹಿಸಿಕೊಳ್ಳೋಣ. ಇದು ಯಾರ ಮನೆಯೂ ಅಲ್ಲ. ತಾಯಿ ನಾಲ್ಕು ಹಸು ಕಟ್ಟಿ ಹಾಲು ಹಾಕುತ್ತಾರೆ. ತಂದೆಗೆ ಎರಡೆಕರೆ ಜಮೀನಿದೆ, ಬೋರ್‌ವೆಲ್ ಸಾಲವಿದೆ, ಕುಡಿತವಿದೆ. ಅಜ್ಜಿ ಇದ್ದಾರೆ. ಹದಿನಾರು ವರ್ಷದ ಮಗ ಮೊದಲ ವರ್ಷದ ಪಿಯುಸಿ. ಮೂರು ತಿಂಗಳಿಂದ ಅವನಿಗೆ ಬೆಳಿಗ್ಗೆ ಹೊಟ್ಟೆನೋವು, ಕಾಲೇಜಿಗೆ ಹೋಗುತ್ತಿಲ್ಲ. ಸ್ಕ್ಯಾನಿಂಗ್ ಆಯಿತು, ರಕ್ತ ಪರೀಕ್ಷೆ ಆಯಿತು, ಏನೂ ಸಿಗಲಿಲ್ಲ. ತಾಯತ ಕಟ್ಟಿಸಿದ್ದೂ ಆಯಿತು.

ಈಗ ಮನೆಯ ನಡವಳಿಕೆ ನೋಡಿ. ತಂದೆ ತಡವಾಗಿ ಬರುತ್ತಾರೆ, ತಾಯಿ ಬೈಯುತ್ತಾರೆ. ಬೈಗುಳ ತಪ್ಪಿಸಿಕೊಳ್ಳಲು ತಂದೆ ಇನ್ನೂ ತಡ ಮಾಡುತ್ತಾರೆ, ತಡವಾದಷ್ಟೂ ತಾಯಿಯ ಮಾತು ಏರುತ್ತದೆ. ಯಾರಿಂದ ಶುರುವಾಯಿತು ಎಂದು ಕೇಳಿದರೆ ಇಬ್ಬರೂ ಒಬ್ಬರನ್ನೊಬ್ಬರು ತೋರಿಸುತ್ತಾರೆ. ಗಾಣದ ಎತ್ತಿನ ದಾರಿಗೆ ಶುರು ಎಲ್ಲಿ, ಕೊನೆ ಎಲ್ಲಿ? ತಾಯಿ ತನ್ನ ದುಃಖವನ್ನೆಲ್ಲ ಮಗನ ಹತ್ತಿರ ಹೇಳಿಕೊಳ್ಳುತ್ತಾರೆ, ಅಜ್ಜಿ ತನ್ನ ಮಗನ ಪರ. ಆದರೆ ಹುಡುಗನಿಗೆ ಹೊಟ್ಟೆನೋವು ಬಂದ ದಿನ ಮಾತ್ರ ಅಪ್ಪ ಅಮ್ಮ ಜಗಳ ಬಿಟ್ಟು ಒಂದೇ ಗಾಡಿಯಲ್ಲಿ ಅವನನ್ನು ಕೂರಿಸಿಕೊಂಡು ಆಸ್ಪತ್ರೆಗೆ ಹೋಗುತ್ತಾರೆ.

ಹುಡುಗ ನಾಟಕ ಮಾಡುತ್ತಿಲ್ಲ, ನೋವು ನಿಜವೇ. ಆದರೆ ಆ ನೋವು ಮನೆಯಲ್ಲಿ ಒಂದು ಕೆಲಸ ಮಾಡುತ್ತಿದೆ: ಇಬ್ಬರನ್ನು ಕೂಡಿಸುತ್ತಿದೆ. ಅವನಿಗಷ್ಟೇ ಮಾತ್ರೆ ಕೊಟ್ಟರೆ ಬಾವು ಮರಳಿ ಬಂದಂತೆ ನೋವು ಮರಳಿ ಬರುತ್ತದೆ.

ಈ ಪದ್ಧತಿ ಬೆಳೆದ ದಾರಿ

ಅಮೆರಿಕದಲ್ಲಿ 1950ರ ದಶಕದಲ್ಲಿ ಕೆಲವು ವೈದ್ಯರು ಒಂದು ವಿಷಯ ಗಮನಿಸಿದರು. ಆಸ್ಪತ್ರೆಯಲ್ಲಿ ಸುಧಾರಿಸಿದ ಮನೋರೋಗಿ ಮನೆಗೆ ಹೋದೊಡನೆ ಮತ್ತೆ ಹದಗೆಡುತ್ತಾನೆ. ಮರ್ರೆ ಬೋವೆನ್ ಎಂಬ ಮನೋವೈದ್ಯರು 1954ರಿಂದ ರೋಗಿಗಳ ಜೊತೆಗೆ ಅವರ ತಾಯಂದಿರನ್ನೂ, ಮುಂದೆ ತಂದೆ ಮತ್ತು ಒಡಹುಟ್ಟಿದವರನ್ನೂ ವಾರ್ಡಿನಲ್ಲೇ ಇರಿಸಿ ನೋಡಿದರು. ಇಬ್ಬರ ನಡುವಿನ ಬಿಸಿ ತಡೆಯಲಾರದೆ ಮೂರನೆಯವರನ್ನು ನಡುವೆ ಎಳೆದುಕೊಳ್ಳುವುದು ಮನುಷ್ಯರ ರೂಢಿ ಎಂದು ಅವರು ಗುರುತಿಸಿ ಅದಕ್ಕೆ "ತ್ರಿಕೋನ" ಎಂದರು. ನಮ್ಮ ಊಹೆಯ ಮನೆಯಲ್ಲಿ ಗಂಡನಿಗೆ ಹೇಳಬೇಕಾದ್ದನ್ನು ತಾಯಿ ಮಗನಿಗೆ ಹೇಳುತ್ತಿರುವುದು ಅಂಥ ತ್ರಿಕೋನವೇ.

ಸಾಲ್ವಡೋರ್ ಮಿನೂಚಿನ್ ಅರ್ಜೆಂಟೀನಾದಲ್ಲಿ ಹುಟ್ಟಿ ಅಮೆರಿಕಕ್ಕೆ ಬಂದ ವೈದ್ಯರು. ನ್ಯೂಯಾರ್ಕಿನ ಬಡ ಮನೆಗಳ ಹುಡುಗರೊಂದಿಗೆ ಕೆಲಸ ಮಾಡಿ 1967ರಲ್ಲಿ ಅದರ ಬಗ್ಗೆ ಪುಸ್ತಕ ತಂದರು. 1974ರಲ್ಲಿ ಬಂದ ಅವರ ಇನ್ನೊಂದು ಪುಸ್ತಕ ಇಂದಿಗೂ ಪಾಠದಲ್ಲಿದೆ. ಅವರ ಮಾತಿನ ಸಾರ ಇದು: ಮನೆಯಲ್ಲಿ ದೊಡ್ಡವರಿಗೂ ಮಕ್ಕಳಿಗೂ ನಡುವೆ ಒಂದು ಗಡಿ ಬೇಕು. ಅದು ಕಲ್ಲಿನ ಗೋಡೆಯಾದರೆ ಒಬ್ಬರ ಕಷ್ಟ ಇನ್ನೊಬ್ಬರಿಗೆ ಕೇಳುವುದಿಲ್ಲ. ಗಡಿಯೇ ಇಲ್ಲದಿದ್ದರೆ ಒಬ್ಬರ ಕಷ್ಟದಲ್ಲಿ ಎಲ್ಲರೂ ಮುಳುಗುತ್ತಾರೆ. ದಣಪೆಯ ಬೇಲಿಯ ಹಾಗಿರಬೇಕು: ಇರಬೇಕು, ಬೇಕಾದಾಗ ತೆಗೆಯಲೂ ಬರಬೇಕು. ಅಪ್ಪ ಅಮ್ಮನ ನಡುವೆ ಕುಳಿತ ಹುಡುಗನನ್ನು ಎಬ್ಬಿಸಿ ಬೇರೆ ಕುರ್ಚಿಯಲ್ಲಿ ಕೂರಿಸಿ, ಅಪ್ಪ ಅಮ್ಮ ಎದುರುಬದುರಾಗಿ ಮಾತಾಡುವಂತೆ ಮಾಡುವುದು ಈ ಪದ್ಧತಿಯ ಒಂದು ಕ್ರಮ. ಕುರ್ಚಿ ಬದಲಾದರೆ ಏನಾಗುತ್ತದೆ ಎಂದು ಅನ್ನಿಸಬಹುದು. ತನ್ನ ಹೆಗಲ ಮೇಲಿದ್ದ ಭಾರ ಇಳಿದದ್ದು ಹುಡುಗನಿಗೆ ಅಲ್ಲೇ ತಿಳಿಯುತ್ತದೆ.

ವರ್ಜೀನಿಯಾ ಸಟೀರ್ ಅವರ ಮಾತು ನಿಮಗೆ ಹೆಚ್ಚು ಹತ್ತಿರವಾಗಬಹುದು. ಅವರು 1916ರಲ್ಲಿ ಹುಟ್ಟಿದ್ದು ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿ, ಬೆಳೆದದ್ದು ಹೊಲಮನೆಯಲ್ಲಿ. ಆ ರಾಜ್ಯ ಹೆಸರಾಗಿರುವುದೇ ಹೈನುಗಾರಿಕೆಗೆ. 1972ರ ತಮ್ಮ ಪುಸ್ತಕದಲ್ಲಿ ಅವರು ಮನೆಯ ಹಿಂದಿನ ಪಡಸಾಲೆಯಲ್ಲಿದ್ದ ಒಂದು ದೊಡ್ಡ ಕಪ್ಪು ಕಬ್ಬಿಣದ ಹಂಡೆಯ ಬಗ್ಗೆ ಬರೆಯುತ್ತಾರೆ. ವರ್ಷದಲ್ಲಿ ಕೆಲವು ದಿನ ತಾಯಿ ಅದರಲ್ಲಿ ಸೋಪು ಕಾಯಿಸುತ್ತಿದ್ದರು. ಒಕ್ಕಣೆಯ ಆಳುಗಳು ಬಂದಾಗ ಅದರಲ್ಲೇ ಅಡುಗೆ. ಬೇರೆ ದಿನಗಳಲ್ಲಿ ತಂದೆ ಹೂಗಿಡಕ್ಕೆಂದು ಅದರಲ್ಲಿ ಗೊಬ್ಬರ ತುಂಬಿಡುತ್ತಿದ್ದರು. ಆದ್ದರಿಂದ ಹಂಡೆ ಬೇಕಾದವರು ಮೊದಲು ಎರಡು ಪ್ರಶ್ನೆ ಕೇಳಬೇಕಿತ್ತು: ಈಗ ಅದರಲ್ಲಿ ಏನಿದೆ, ಎಷ್ಟಿದೆ? ಮನುಷ್ಯರ ಮನಸ್ಸೂ ಅಂಥ ಹಂಡೆ ಎಂದರು ಸಟೀರ್. ಒಬ್ಬರು ತಮ್ಮ ಬಗ್ಗೆ ತಾವು ಏನು ಅಂದುಕೊಂಡಿದ್ದಾರೆ, ಇವತ್ತು ಅದರಲ್ಲಿ ತುಂಬಿರುವುದು ಊಟವೋ ಗೊಬ್ಬರವೋ ಎಂದು ಕೇಳದೆ ಕೈ ಹಾಕಬಾರದು.

ಕಷ್ಟ ಬಂದಾಗ ಮನೆಯವರು ಮಾತಾಡುವ ನಾಲ್ಕು ಬಗೆಯನ್ನೂ ಅವರು ಹೇಳಿದ್ದಾರೆ. ಒಬ್ಬರು ಎಲ್ಲಕ್ಕೂ "ನನ್ನದೇ ತಪ್ಪು" ಎಂದು ಬಗ್ಗುವವರು. ಒಬ್ಬರು "ಎಲ್ಲ ನಿನ್ನಿಂದಲೇ" ಎಂದು ದೂರುವವರು. ಒಬ್ಬರು ಮನಸ್ಸಿನ ಮಾತು ಬಿಟ್ಟು ಬರೀ ಲೆಕ್ಕ, ನ್ಯಾಯ ಹೇಳುವವರು. ಒಬ್ಬರು ಮಾತನ್ನೇ ಬೇರೆ ಕಡೆಗೆ ತಿರುಗಿಸಿ ಜಾರಿಕೊಳ್ಳುವವರು. ನಿಮ್ಮ ಮನೆಯಲ್ಲಿ ಯಾರು ಯಾವ ಬಗೆ ಎಂದು ಒಮ್ಮೆ ಯೋಚಿಸಿ. ನೀವು ಯಾವ ಬಗೆ ಎಂಬುದನ್ನೂ ಸೇರಿಸಿಕೊಳ್ಳಿ.

ಇಟಲಿಯ ಮಿಲಾನ್ ನಗರದಲ್ಲಿ ಮಾರಾ ಸೆಲ್ವಿನಿ ಪಲಾಝೋಲಿ ಮತ್ತು ಅವರ ಸಂಗಡಿಗರು 1970ರ ದಶಕದಲ್ಲಿ ಪ್ರಶ್ನೆ ಕೇಳುವ ಹೊಸ ರೀತಿ ತಂದರು. ನಿಮ್ಮ ಮನೆಯ ಜಗಳದ ಬಗ್ಗೆ ನಿಮ್ಮನ್ನು ಕೇಳುವ ಬದಲು, ನೋಡುತ್ತಿದ್ದ ಮೂರನೆಯವರನ್ನು ಕೇಳುವುದು. ನಮ್ಮ ಊಹೆಯ ಮನೆಯಲ್ಲಾದರೆ ಅಜ್ಜಿಯನ್ನು, "ಮೊಮ್ಮಗನಿಗೆ ಹೊಟ್ಟೆನೋವು ಬಂದ ದಿನ ನಿಮ್ಮ ಮಗ ಏನು ಮಾಡುತ್ತಾರೆ, ಸೊಸೆ ಏನು ಮಾಡುತ್ತಾರೆ?" ಎಂದು ಕೇಳುತ್ತಾರೆ. ಅಜ್ಜಿ ಉತ್ತರ ಹೇಳುತ್ತಿದ್ದಂತೆ ಉಳಿದವರಿಗೆ ತಮ್ಮ ಮನೆ ಹೊರಗಿನಿಂದ ಕಾಣುತ್ತದೆ.

ಮತ್ತೆ ವಿಸ್ಕಾನ್ಸಿನ್‌ಗೆ ಬಂದರೆ, ಅಲ್ಲಿನ ಮಿಲ್ವಾಕಿ ನಗರದಲ್ಲಿ ಸ್ಟೀವ್ ಡಿ ಶೇಝರ್ ಮತ್ತು ಇನ್ಸೂ ಕಿಮ್ ಬರ್ಗ್ ದಂಪತಿ 1978ರಲ್ಲಿ ಒಂದು ಕೇಂದ್ರ ತೆರೆದರು. ಅವರ ದಾರಿ ಪರಿಹಾರದ ಕಡೆಯಿಂದ ಬರುವುದು. "ಜಗಳ ಆಗದ ದಿನವೂ ಇರುತ್ತದಲ್ಲ, ಆ ದಿನ ಏನು ಬೇರೆ ಇತ್ತು?" "ರಾತ್ರಿ ಮಲಗಿದ್ದಾಗ ಪವಾಡ ನಡೆದು ಕಷ್ಟ ಹೋಗಿದೆ ಎಂದುಕೊಳ್ಳಿ, ಬೆಳಿಗ್ಗೆ ಎದ್ದಾಗ ಅದು ನಿಮಗೆ ಯಾವ ಸಣ್ಣ ಗುರುತಿನಿಂದ ತಿಳಿಯುತ್ತದೆ?" ಕೇಳಲು ಸುಲಭ, ಉತ್ತರ ಹುಡುಕುವಾಗ ಮನೆಯವರಿಗೆ ತಮ್ಮ ಶಕ್ತಿ ತಿಳಿಯುತ್ತದೆ. "ಬೆಳಿಗ್ಗೆ ಅವರು ಹಾಲಿನ ಕ್ಯಾನು ಎತ್ತಿಕೊಡುತ್ತಾರೆ" ಎಂಬಷ್ಟು ಸಣ್ಣದೇ ಆ ಗುರುತಾಗಿರಬಹುದು. ಸಣ್ಣದಾದ್ದರಿಂದಲೇ ನಾಳೆಯೇ ಮಾಡಲು ಬರುತ್ತದೆ.

ಆಸ್ಟ್ರೇಲಿಯಾದ ಮೈಕೆಲ್ ವೈಟ್ ಮತ್ತು ನ್ಯೂಜಿಲೆಂಡಿನ ಡೇವಿಡ್ ಎಪ್ಸ್ಟನ್ ಇನ್ನೊಂದು ಮಾತು ಸೇರಿಸಿದರು. ಮನುಷ್ಯ ಬೇರೆ, ಅವನ ಕಷ್ಟ ಬೇರೆ. ಚಡ್ಡಿಯಲ್ಲೇ ಮಲ ಮಾಡಿಕೊಳ್ಳುವ ಮಕ್ಕಳಿಗೆ ಚಿಕಿತ್ಸೆ ಮಾಡುವಾಗ ವೈಟ್ ಆ ತೊಂದರೆಗೇ ಒಂದು ತುಂಟ ಹೆಸರಿಟ್ಟು, ಮಗು ಮತ್ತು ತಂದೆತಾಯಿ ಒಂದಾಗಿ ಆ ತುಂಟನನ್ನು ಸೋಲಿಸುವಂತೆ ಮಾಡಿದರು. "ಕುಡುಕ ಗಂಡ" ಎಂದರೆ ಗಂಡನೇ ಶತ್ರು. "ನಮ್ಮ ಮನೆಗೆ ನುಗ್ಗಿದ ಕುಡಿತ" ಎಂದರೆ ಗಂಡನೂ ನಿಮ್ಮ ಪಕ್ಕ ನಿಂತು ಅದನ್ನು ಹೊರಹಾಕಬಹುದು. ಆದರೆ ಮಾಡಿದ್ದಕ್ಕೆ ಅವನು ಜವಾಬ್ದಾರನೇ. ಕುಡಿತ ಬೇರೆ ಎಂಬ ಕಾರಣಕ್ಕೆ ಅದು ತಪ್ಪುವುದಿಲ್ಲ.

ತಾಯಿಯ ಮೇಲೆ ತಪ್ಪು ಹೊರಿಸಿದ ಕಾಲ

ಒಂದು ಮಾತನ್ನು ಮುಚ್ಚಿಡಬಾರದು. 1940 ಮತ್ತು 50ರ ದಶಕಗಳಲ್ಲಿ ಸ್ಕಿಜೋಫ್ರೇನಿಯಾ ಎಂಬ ತೀವ್ರ ಮನೋರೋಗಕ್ಕೆ ತಾಯಿಯ ನಡವಳಿಕೆಯೇ ಕಾರಣ ಎಂದು ಪಶ್ಚಿಮದ ಕೆಲವು ವೈದ್ಯರು ಬರೆದರು. ಅದು ತಪ್ಪು. ಈ ರೋಗದಲ್ಲಿ ವಂಶವಾಹಿಯ ಮತ್ತು ಮಿದುಳಿನ ಪಾತ್ರ ದೊಡ್ಡದು ಎಂಬುದು ಮುಂದೆ ಸ್ಪಷ್ಟವಾಯಿತು. ಆದರೆ ಅಷ್ಟರಲ್ಲಿ ಎಷ್ಟೋ ತಾಯಂದಿರು ಆ ಹೊರೆ ಹೊತ್ತಾಗಿತ್ತು. ನಮ್ಮ ಊರಿನಲ್ಲಿ ಇಂದಿಗೂ ಯಾರಾದರೂ ನಿಮ್ಮ ಮಗನ ಕಾಯಿಲೆಗೆ ನೀವೇ ಕಾರಣ ಎಂದರೆ, ವಿಜ್ಞಾನ ಆ ಮಾತನ್ನು ಯಾವಾಗಲೋ ಕೈಬಿಟ್ಟಿದೆ ಎಂದು ಧೈರ್ಯವಾಗಿ ಹೇಳಿ.

ಆದರೆ ಮನೆಯ ವಾತಾವರಣ ರೋಗದ ಮುಂದಿನ ದಾರಿಯ ಮೇಲೆ ಪರಿಣಾಮ ಮಾಡುತ್ತದೆ. ಇಂಗ್ಲೆಂಡಿನಲ್ಲಿ ಜಾರ್ಜ್ ಬ್ರೌನ್, ಆಮೇಲೆ ಜೂಲಿಯನ್ ಲೆಫ್ ಮತ್ತು ಸಂಗಡಿಗರು ನಡೆಸಿದ ಅಧ್ಯಯನಗಳಲ್ಲಿ, ಸದಾ ಟೀಕೆ, ಹಗೆತನ ಅಥವಾ ಅತಿಯಾದ ಕಾಳಜಿ ಇರುವ ಮನೆಗೆ ಮರಳಿದ ರೋಗಿಗಳಿಗೆ ರೋಗ ಮರುಕಳಿಸುವುದು ಹೆಚ್ಚು ಎಂದು ಕಂಡಿತು. ಮನೆಯವರಿಗೆ ರೋಗದ ಬಗ್ಗೆ ತಿಳಿಹೇಳಿ, ಮಾತಿನ ರೀತಿ ಬದಲಿಸಲು ನೆರವಾದಾಗ, ಮಾತ್ರೆಯ ಜೊತೆಗೆ, ಮರುಕಳಿಸುವುದು ಕಡಿಮೆಯಾಯಿತು. ಅದೇ ಬಗೆಯ ಅಧ್ಯಯನ ಚಂಡೀಗಢದಲ್ಲಿ ನಡೆದಾಗ ಅಲ್ಲಿನ ಮನೆಗಳಲ್ಲಿ ಇಂಥ ಟೀಕೆ ಇಂಗ್ಲೆಂಡಿಗಿಂತ ಕಡಿಮೆ ಕಂಡಿತು. ರೋಗ ತಂದದ್ದು ಮನೆಯವರಲ್ಲ, ಆದರೆ ಅದು ಮರಳದಂತೆ ನೋಡಿಕೊಳ್ಳುವುದರಲ್ಲಿ ಮನೆಯವರ ಕೈ ಇದೆ. ಈ ಎರಡು ಮಾತಿನ ವ್ಯತ್ಯಾಸ ನೆನಪಿಡಿ.

ನಮ್ಮ ದೇಶದಲ್ಲಿ

ಈ ವಿಚಾರ ನಮಗೆ ಹೊರಗಿನಿಂದಷ್ಟೇ ಬಂದದ್ದಲ್ಲ. 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ಅವರು ಆವರಣದಲ್ಲೇ ಡೇರೆ ಹಾಕಿಸಿ ರೋಗಿಗಳ ಜೊತೆ ಮನೆಯವರನ್ನೂ ಉಳಿಸಿಕೊಂಡರು. ಮನೆಯವರು ಜೊತೆಗಿದ್ದ ರೋಗಿಗಳು ಬೇಗ ಸುಧಾರಿಸಿದರು, ಮನೆಗೆ ಮರಳುವುದೂ ಸುಲಭವಾಯಿತು. 1957ರಲ್ಲಿ ಶುರುವಾದ ವೆಲ್ಲೂರಿನ ಸಿಎಂಸಿ ಮಾನಸಿಕ ಆರೋಗ್ಯ ಕೇಂದ್ರವೂ ರೋಗಿಯ ಜೊತೆ ಮನೆಯವರು ಇರುವ ಪದ್ಧತಿಯನ್ನು ಬೆಳೆಸಿತು. ನಮ್ಮ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಕುಟುಂಬ ಚಿಕಿತ್ಸೆಗೆಂದೇ ಕುಟುಂಬ ಮನೋವೈದ್ಯಕೀಯ ಕೇಂದ್ರವಿದೆ. 1985ರಿಂದ 1990ರವರೆಗೆ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಮೂಲಕ ಮಾನಸಿಕ ಚಿಕಿತ್ಸೆ ಕೊಟ್ಟು ನೋಡಿತು. ಆ ಮಾದರಿಯ ಮೇಲೆಯೇ 1996ರಲ್ಲಿ ದೇಶದಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾಯಿತು. ನಮ್ಮ ಬಳ್ಳಾರಿಯ ಹಳ್ಳಿಗಳು ದೇಶಕ್ಕೆ ದಾರಿ ತೋರಿಸಿದವು.

ಚಿಕಿತ್ಸಕರು ಹೇಗೆ ಕಲಿಯುತ್ತಾರೆ?

ಕೃತಕ ಗರ್ಭಧಾರಣೆ ಕಲಿಯುವವರು ಪುಸ್ತಕ ಓದಿ ನೇರವಾಗಿ ನಿಮ್ಮ ಹಸುವಿಗೆ ಕೈ ಹಾಕುವುದಿಲ್ಲ. ತಿಳಿದವರ ಕಣ್ಣೆದುರು ಅಭ್ಯಾಸ ಮಾಡಬೇಕು. ಇಲ್ಲಿಯೂ ಹಾಗೆಯೇ. ಮನೋವೈದ್ಯರು, ಚಿಕಿತ್ಸಾ ಮನಶ್ಶಾಸ್ತ್ರಜ್ಞರು ಮತ್ತು ಮನೋವೈದ್ಯಕೀಯ ಸಮಾಜ ಕಾರ್ಯಕರ್ತರು ತಮ್ಮ ಉನ್ನತ ಪದವಿಯ ಭಾಗವಾಗಿ ಇದನ್ನು ಕಲಿಯುತ್ತಾರೆ.

ಈ ತರಬೇತಿಯ ಹೆಸರಾದ ಸಾಧನ ಒಂದು ಗಾಜು. ಒಂದು ಕಡೆಯಿಂದ ಕನ್ನಡಿ, ಇನ್ನೊಂದು ಕಡೆಯಿಂದ ಕಿಟಕಿ. ಒಳಗೆ ಕಲಿಯುವವರು ಕುಟುಂಬದ ಜೊತೆ ಮಾತಾಡುತ್ತಾರೆ, ಗಾಜಿನ ಹಿಂದೆ ಗುರುಗಳು ಮತ್ತು ಸಹಪಾಠಿಗಳು ನೋಡುತ್ತಾರೆ. ಬೇಕಾದಾಗ ಫೋನು ಮಾಡಿ ಸಲಹೆ ಕೊಡುತ್ತಾರೆ. ಇದಕ್ಕೆ ಮನೆಯವರ ಒಪ್ಪಿಗೆ ಮೊದಲೇ ಪಡೆಯಬೇಕು. ಒಪ್ಪದಿರುವುದು ನಿಮ್ಮ ಹಕ್ಕು.

ಇನ್ನೊಂದು ಸಾಧನ ಮನೆತನದ ನಕ್ಷೆ. ಗಂಡಸಿಗೆ ಚೌಕ, ಹೆಂಗಸಿಗೆ ವೃತ್ತ, ಮದುವೆಗೆ ಅಡ್ಡಗೆರೆ, ಮಕ್ಕಳು ಕೆಳಗೆ. ಮೂರು ತಲೆಮಾರು ಬರೆದು, ಯಾರಿಗೆ ಯಾರು ಹತ್ತಿರ, ಯಾರ ನಡುವೆ ಜಗಳ, ಯಾರಿಗೆ ಏನು ಕಾಯಿಲೆ, ಯಾರು ಬೇಗ ತೀರಿಕೊಂಡರು ಎಂದು ಗುರುತಿಸುತ್ತಾರೆ. ಹಸುವಿನ ತಾಯಿಯ ಹಾಲು ಎಷ್ಟು, ಯಾವ ಹೋರಿಯ ವೀರ್ಯ ಎಂದು ನಾವು ಬರೆದುಕೊಳ್ಳುತ್ತೇವಲ್ಲ, ಹಾಗೆ. ಕಲಿಯುವವರು ಮೊದಲು ತಮ್ಮ ಸ್ವಂತ ಮನೆತನದ ನಕ್ಷೆ ಬರೆಯಬೇಕು. ತನ್ನ ಮನೆಯ ಗಾಯ ತಿಳಿಯದವರು ಬೇರೆಯವರ ಮನೆಯಲ್ಲಿ ತಮಗರಿವಿಲ್ಲದೆ ಒಬ್ಬರ ಪಕ್ಷ ಹಿಡಿದುಬಿಡುತ್ತಾರೆ.

ಮಿನೂಚಿನ್ ಮತ್ತು ಸಂಗಡಿಗರು 1960ರ ದಶಕದ ಕೊನೆಯಲ್ಲಿ ಫಿಲಡೆಲ್ಫಿಯಾ ನಗರದಲ್ಲಿ, ಕಾಲೇಜು ಪದವಿ ಇಲ್ಲದ ಅದೇ ಬಡಾವಣೆಯ ಜನರಿಗೂ ಹಿರಿಯರ ನಿಗಾದಲ್ಲಿ ಈ ಕೆಲಸ ಕಲಿಸಿದರು. ನಮ್ಮ ಆಶಾ ಕಾರ್ಯಕರ್ತೆಯರು ಮನೆಮನೆಗೆ ಹೋಗಿ ಕಷ್ಟ ಗುರುತಿಸುವುದನ್ನು ನೋಡಿದರೆ, ಊರಿನವರನ್ನೇ ತಯಾರು ಮಾಡುವ ದಾರಿ ನಮಗೂ ಅಪರಿಚಿತವಲ್ಲ.

ಅಲ್ಲಿ ಏನು ನಡೆಯುತ್ತದೆ?

ಸಾಮಾನ್ಯವಾಗಿ ಒಂದು ಸಲಕ್ಕೆ ಮುಕ್ಕಾಲು ಗಂಟೆಯಿಂದ ಒಂದೂವರೆ ಗಂಟೆ. ಮೊದಲ ದಿನ ಎಲ್ಲರ ಮಾತನ್ನೂ ಕೇಳುತ್ತಾರೆ, ಚಿಕ್ಕವರ ಮಾತನ್ನೂ. ಆಮೇಲೆ ಮನೆಯಲ್ಲಿ ಮಾಡಿ ಬರಲು ಸಣ್ಣ ಕೆಲಸ ಕೊಡಬಹುದು. ಕೆಲವು ಮನೆಗಳಿಗೆ ಮೂರು ನಾಲ್ಕು ಭೇಟಿ ಸಾಕು, ಕೆಲವಕ್ಕೆ ಹಲವು ತಿಂಗಳು ಬೇಕು. ವೈದ್ಯರು ಬರೆದ ಮಾತ್ರೆ ನಿಲ್ಲಿಸಬಾರದು. ಮಾತ್ರೆಯೂ ಈ ಚಿಕಿತ್ಸೆಯೂ ಜೊತೆಯಲ್ಲಿ ನಡೆಯುತ್ತವೆ.

ಇದು ಪಂಚಾಯಿತಿ ಅಲ್ಲ. ಪಂಚಾಯಿತಿಯಲ್ಲಿ ತಪ್ಪು ಯಾರದು ಎಂದು ಹುಡುಕಿ ತೀರ್ಪು ಹೇಳುತ್ತಾರೆ, ಊರಿಗೆಲ್ಲ ಗೊತ್ತಾಗುತ್ತದೆ. ಇಲ್ಲಿ ತೀರ್ಪಿಲ್ಲ. ಹೇಳಿದ ಮಾತನ್ನು ಗುಟ್ಟಾಗಿ ಇಡಬೇಕೆಂದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯೂ ಹೇಳುತ್ತದೆ; ಜೀವಕ್ಕೆ ಅಪಾಯ ಇರುವಂಥ ಕೆಲವು ಸಂದರ್ಭ ಮಾತ್ರ ಇದಕ್ಕೆ ಹೊರತು. ಎಲ್ಲರೂ ಬರಲು ಒಪ್ಪದಿದ್ದರೂ ಬಂದಷ್ಟು ಜನರಿಂದ ಶುರು ಮಾಡಬಹುದು. ಗಾಣದ ದಾರಿಯಲ್ಲಿ ಒಬ್ಬರು ಹೆಜ್ಜೆ ಬದಲಿಸಿದರೂ ಸುತ್ತು ಮೊದಲಿನಂತೆ ಇರುವುದಿಲ್ಲ.

ಯಾವಾಗ ಜೊತೆಯಲ್ಲಿ ಕೂರಬಾರದು?

ಇದನ್ನು ದಯವಿಟ್ಟು ಗಮನವಿಟ್ಟು ಓದಿ. ಮನೆಯಲ್ಲಿ ಹೊಡೆತ, ಬೆದರಿಕೆ ಇದ್ದರೆ ಗಂಡ ಹೆಂಡತಿಯನ್ನು ಒಟ್ಟಿಗೆ ಕೂರಿಸಿ ಮಾತಾಡಿಸುವುದು ಅಪಾಯ. ಅಲ್ಲಿ ಹೇಳಿದ ಸತ್ಯಕ್ಕೆ ಮನೆಯಲ್ಲಿ ಪೆಟ್ಟು ಬೀಳಬಹುದು. "ಇಬ್ಬರದೂ ಪಾಲಿದೆ" ಎಂಬ ಮಾತು ಹೊಡೆತಕ್ಕೆ ಅನ್ವಯಿಸುವುದಿಲ್ಲ. ಹೊಡೆದ ಕೈಯದ್ದೇ ಹೊಣೆ. ರೇಚಲ್ ಹೇರ್-ಮಸ್ಟಿನ್ ಎಂಬ ಮನಶ್ಶಾಸ್ತ್ರಜ್ಞೆ 1978ರಲ್ಲೇ ಈ ಕ್ಷೇತ್ರದವರನ್ನು ಎಚ್ಚರಿಸಿದ್ದರು: ಮನೆಯಲ್ಲಿ ಹೆಂಗಸಿಗೂ ಗಂಡಸಿಗೂ ಸಮಾನ ಅಧಿಕಾರ ಇಲ್ಲದಿರುವುದನ್ನು ಮರೆತು ಚಿಕಿತ್ಸೆ ಮಾಡಿದರೆ ಹಳೆಯ ಅನ್ಯಾಯವೇ ಗಟ್ಟಿಯಾಗುತ್ತದೆ. ಹಾಲು ನಿಮ್ಮ ದುಡಿಮೆ, ಬಟವಾಡೆ ಯಾರ ಕೈಗೆ ಹೋಗುತ್ತದೆ ಎಂಬ ಪ್ರಶ್ನೆ ಇದಕ್ಕೆ ಸೇರಿದ್ದೇ.

ಹೊಡೆತ ಇರುವ ಕಡೆ ಮೊದಲು ನಿಮ್ಮ ಮತ್ತು ಮಕ್ಕಳ ರಕ್ಷಣೆ. ಮಹಿಳಾ ಸಹಾಯವಾಣಿ 181, ತುರ್ತಿಗೆ 112. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯಡಿ ಸಂರಕ್ಷಣಾಧಿಕಾರಿಗಳಿದ್ದಾರೆ. ಅಂಗನವಾಡಿ ಕಾರ್ಯಕರ್ತೆಯನ್ನು ಕೇಳಿದರೆ ಆ ಕಚೇರಿಯ ದಾರಿ ತಿಳಿಯುತ್ತದೆ. ಆಸ್ಪತ್ರೆಯಲ್ಲಿ "ನಾನು ಒಬ್ಬಳೇ ಮಾತಾಡಬೇಕು" ಎಂದು ಕೇಳಲು ಸಂಕೋಚ ಬೇಡ.

ಎಲ್ಲಿ ಹೋಗಬೇಕು?

1. ಟೆಲಿ ಮಾನಸ್ ಸಹಾಯವಾಣಿ 14416. ಹಗಲು ರಾತ್ರಿ, ಉಚಿತ, ಕನ್ನಡದಲ್ಲಿ. 2022ರ ಅಕ್ಟೋಬರ್ 10ರಂದು ಶುರುವಾದದ್ದು. ಮೊದಲ ಹೆಜ್ಜೆಗೆ ಇದು ಸುಲಭ. ಹಾಲು ಹಾಕಿ ಬರುವ ದಾರಿಯಲ್ಲೂ ಫೋನು ಮಾಡಬಹುದು.

2. ಜಿಲ್ಲಾ ಆಸ್ಪತ್ರೆಯ ಮಾನಸಿಕ ಆರೋಗ್ಯ ವಿಭಾಗ. ಜಿಲ್ಲಾ ಮಾನಸಿಕ ಆರೋಗ್ಯ ತಂಡ ನಿಮ್ಮ ತಾಲ್ಲೂಕಿಗೆ ಯಾವ ದಿನ ಬರುತ್ತದೆ ಎಂದು ಆಶಾ ಕಾರ್ಯಕರ್ತೆಯನ್ನೋ ಪ್ರಾಥಮಿಕ ಆರೋಗ್ಯ ಕೇಂದ್ರವನ್ನೋ ವಿಚಾರಿಸಿ.

3. ಬೆಂಗಳೂರಿನ ನಿಮ್ಹಾನ್ಸ್, ಉತ್ತರ ಕರ್ನಾಟಕದವರಿಗೆ ಧಾರವಾಡದ ಡಿಮ್ಹಾನ್ಸ್.

ಅಲ್ಲಿ ಕೇಳಬೇಕಾದ ಪ್ರಶ್ನೆಗಳು: ನೀವು ಏನು ಓದಿದ್ದೀರಿ? ಎಷ್ಟು ಸಲ ಬರಬೇಕಾಗಬಹುದು? ನಾವು ಹೇಳಿದ್ದು ಯಾರಿಗೆ ತಿಳಿಯುತ್ತದೆ? ಬೆಳಿಗ್ಗೆ ಸಂಜೆ ಹಾಲು ಕರೆಯುವ ಹೊತ್ತು ಬಿಟ್ಟು ಸಮಯ ಕೊಡುತ್ತೀರಾ? ಕೊನೆಯ ಪ್ರಶ್ನೆ ಸಣ್ಣದಲ್ಲ. ಹೊತ್ತು ಹೊಂದದೆ ಎರಡನೇ ಸಲ ಹೋಗದೆ ಬಿಡುವುದು ಸುಲಭ.

ಮನೆಯಲ್ಲೇ ಮಾಡಬಹುದಾದದ್ದು

• ಗಂಡಹೆಂಡಿರ ಮಾತನ್ನು ಮಕ್ಕಳ ಮೂಲಕ ಹೇಳಿ ಕಳಿಸಬೇಡಿ. "ನಿಮ್ಮಪ್ಪನಿಗೆ ಹೇಳು" ಎಂಬಲ್ಲಿ ತ್ರಿಕೋನ ಶುರುವಾಗುತ್ತದೆ.

• ದುಃಖ ಹೇಳಿಕೊಳ್ಳಲು ನಿಮಗೆ ಜನ ಬೇಕು. ಅದು ಮಗಳೋ ಮಗನೋ ಆಗುವ ಬದಲು ಅಕ್ಕ, ತಂಗಿ, ಸ್ತ್ರೀಶಕ್ತಿ ಸಂಘದ ಗೆಳತಿ ಆಗಲಿ.

• "ನೀನು ಯಾವಾಗಲೂ ಹೀಗೆ" ಎನ್ನುವ ಬದಲು ಆದದ್ದನ್ನು ಹೇಳಿ: "ನಿನ್ನೆ ಬಟವಾಡೆಯಲ್ಲಿ ಐನೂರು ಕಡಿಮೆ ಇತ್ತು, ನನಗೆ ಹಿಂಡಿ ತರಲು ಆಗಲಿಲ್ಲ."

• ಒಳ್ಳೆಯದಾಗಿ ಕಳೆದ ದಿನವನ್ನು ಗಮನಿಸಿ, ಅದನ್ನು ಬಾಯಿಬಿಟ್ಟು ಹೇಳಿ. ಹಾಲು ಹೆಚ್ಚಾದ ದಿನ ಏನು ಹಾಕಿದೆವು ಎಂದು ನೆನೆಯುತ್ತೇವಲ್ಲ, ಹಾಗೆ.

• ಅತ್ತೆ ಸೊಸೆ ಇಬ್ಬರೂ ಕೊಟ್ಟಿಗೆಯಲ್ಲಿ ದುಡಿಯುವ ಮನೆಯಲ್ಲಿ ಯಾರು ಕರೆಯುವುದು, ಯಾರು ಲೆಕ್ಕ ನೋಡುವುದು ಎಂದು ಒಮ್ಮೆ ಕುಳಿತು ಗೊತ್ತು ಮಾಡಿಕೊಳ್ಳಿ. ಎಷ್ಟೋ ಜಗಳದ ಬೇರು ಇಷ್ಟರಲ್ಲೇ ಇರುತ್ತದೆ.

• ಯಾರಾದರೂ "ಬದುಕಿ ಏನು ಪ್ರಯೋಜನ" ಎಂಬಂಥ ಮಾತಾಡಿದರೆ ತಮಾಷೆ ಎಂದುಕೊಳ್ಳಬೇಡಿ. ಸಾಯುವ ಯೋಚನೆ ಇದೆಯೇ ಎಂದು ನೇರವಾಗಿ ಕೇಳಿ. ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ. ಅವರನ್ನು ಒಂಟಿಯಾಗಿ ಬಿಡಬೇಡಿ. ಕೀಟನಾಶಕದ ಡಬ್ಬ, ಹಸುಗಳ ಉಣ್ಣೆಗೆ ಹಾಕುವ ಔಷಧಿ ಎರಡನ್ನೂ ಬೀಗ ಹಾಕಿ ಇಡಿ. ಅಂದೇ 14416ಕ್ಕೆ ಫೋನು ಮಾಡಿ ಅಥವಾ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಹಸು ಮೇವು ಬಿಟ್ಟರೆ ನೀವು ಮರುದಿನಕ್ಕೆ ಕಾಯುವುದಿಲ್ಲ, ಆ ರಾತ್ರಿಯೇ ಫೋನು ಮಾಡುತ್ತೀರಿ. ಮನೆಯಲ್ಲಿ ಒಬ್ಬರು ಊಟ ಬಿಟ್ಟು, ಮಾತು ಬಿಟ್ಟು, ನಿದ್ದೆ ಬಿಟ್ಟು ಎರಡು ವಾರ ಕಳೆದರೂ "ಸರಿಹೋಗುತ್ತದೆ" ಎಂದು ಕಾಯುತ್ತೇವೆ. ಮುಂದಿನ ಸಲ ಸಂಘಕ್ಕೆ ಹಾಲು ಹಾಕಲು ಹೋದಾಗ ಈ ಸಂಚಿಕೆಯನ್ನು ಪಕ್ಕದವರಿಗೂ ಓದಿ ಹೇಳಿ, 14416 ಸಂಖ್ಯೆಯನ್ನು ಹಾಲಿನ ಪಾಸ್‌ಪುಸ್ತಕದ ಹಿಂದೆ ಬರೆದಿಟ್ಟುಕೊಳ್ಳಿ. ನಿಮಗೆ ಬೇಕಾಗದಿದ್ದರೂ ಸಾಲಿನಲ್ಲಿ ನಿಮ್ಮ ಹಿಂದೆ ನಿಂತವರಿಗೆ ಬೇಕಾಗಿರಬಹುದು.

— ಪಶುವೈದ್ಯಾಧಿಕಾರಿ